ಕೊನೆಯ ಸಲ ಚೆನ್ನಾಗಿದ್ದದ್ದು ಎಷ್ಟು ಗಂಟೆಗೆ?

ಎಲ್ಲರಿಗೂ ಶರಣು ಶರಣಾರ್ಥಿ. ಅಕ್ಟೋಬರ್ 29 ವಿಶ್ವ ಪಾರ್ಶ್ವವಾಯು ದಿನ. ಲಕ್ವಾ ಅಂದರೇನು ಅಂತ ಕಲಬುರಗಿಯವರಿಗೆ ಹೇಳಬೇಕಾಗಿಲ್ಲ, ಓಣಿಗೊಬ್ಬರು ಇದ್ದೇ ಇದ್ದಾರೆ. ನಾನು ಎಮರ್ಜೆನ್ಸಿಯಲ್ಲಿ ಕೆಲಸ ಮಾಡುವವನು. ಸ್ಟ್ರೆಚರ್ ಒಳಗೆ ಬಂದ ಕೂಡಲೇ ಮನೆಯವರನ್ನು ಕೇಳುವುದು ಒಂದೇ ಮಾತು: ಕೊನೆಯ ಸಲ ಇವರು ಚೆನ್ನಾಗಿದ್ದದ್ದು ಎಷ್ಟು ಗಂಟೆಗೆ?

ಹೆಚ್ಚಿನ ಲಕ್ವಾ ಆಗುವುದು ಮಿದುಳಿನ ರಕ್ತನಾಳಕ್ಕೆ ಹೆಪ್ಪು ಅಡ್ಡ ಬಂದಾಗ. ಹೆಪ್ಪು ಕರಗಿಸುವ ಇಂಜೆಕ್ಷನ್ ಇದೆ. ಆದರೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ತಡವಾದಷ್ಟೂ ಲಾಭ ಕಡಿಮೆ, ರಕ್ತಸ್ರಾವದ ಭಯ ಜಾಸ್ತಿ.

ಆಳಂದ ಕಡೆಯಿಂದ ಒಬ್ಬ ಹಿರಿಯರನ್ನು ರಾತ್ರಿ ಕರೆತಂದಿದ್ದರು. ಬಲಗೈ ಬಿದ್ದಿತ್ತು, ಮಾತು ನಿಂತಿತ್ತು. ಎಷ್ಟು ಗಂಟೆಗೆ ಆಯಿತು ಅಂದರೆ ದೊಡ್ಡ ಮಗ ಎಂಟು ಅಂದ, ಸಣ್ಣವ ಹತ್ತು ಅಂದ. ಇಬ್ಬರಿಗೂ ಅಲ್ಲೇ ಜಗಳ. ಹಿಂದೆ ನಿಂತಿದ್ದ ಸೊಸೆ ಸೆರಗು ಸರಿ ಮಾಡಿಕೊಂಡು ಮುಂದೆ ಬಂದಳು. "ಎರಡನೇ ರೊಟ್ಟಿ ಹಾಕಿದಾಗ ಮಾವ ಛಲೋ ಮಾತಾಡ್ಯಾರ್ರಿ. ಮೂರನೇದು ಹಾಕೋದ್ರಾಗ ತುತ್ತು ಕೈಯಾಗಿಂದ ಬಿತ್ರಿ. ಆಗ ವಸ್ತಿ ಬಸ್ ಬಂದು ನಿಂತಿತ್ರಿ." ಸಣ್ಣ ಮಗ ಕಂಡಕ್ಟರ್‌ಗೆ ಫೋನ್ ಹಚ್ಚಿದ. ಬಸ್ಸು ಊರು ಮುಟ್ಟಿದ್ದು ಒಂಬತ್ತಕ್ಕೆ ಹತ್ತು ನಿಮಿಷ ಇರುವಾಗ. ನಮಗೆ ಇನ್ನೂ ಟೈಮಿತ್ತು! ಮಿದುಳಿನ ಸಿ.ಟಿ. ಸ್ಕ್ಯಾನ್ ಮಾಡಿಸಿ ಇಂಜೆಕ್ಷನ್ ಕೊಟ್ಟೆವು. ಆ ಹಿರಿಯರು ಈಗ ತೊಗರಿ ಹೊಲಕ್ಕೆ ತಾವೇ ನಡೆದು ಹೋಗುತ್ತಾರೆ. ಎಲ್ಲರಿಗೂ ಇಷ್ಟು ಗುಣ ಆಗುವುದಿಲ್ಲ, ನಿಜ. ಆದರೆ ಆ ಹೆಣ್ಣುಮಗಳು ರೊಟ್ಟಿ ಲೆಕ್ಕ ಇಟ್ಟಿರದಿದ್ದರೆ ನಾವು ಇಂಜೆಕ್ಷನ್ ಕೈಗೆತ್ತಿಕೊಳ್ಳುವಂತೆಯೇ ಇರಲಿಲ್ಲ.

ಎದೆ ನೋವು ಬಂದರೆ ಜನ ಓಡಿ ಬರುತ್ತಾರೆ. ಲಕ್ವಾದಲ್ಲಿ ಬಹಳ ಸಲ ನೋವೇ ಇರುವುದಿಲ್ಲ. ಕೈ ಜೋಮು ಹಿಡಿದಿದೆ, ಮಲಗಿದರೆ ಹೋಗುತ್ತೆ ಅಂತ ಮಲಗಿಬಿಡುತ್ತಾರೆ. ಬೆಳಿಗ್ಗೆ ಎದ್ದಾಗ ಕೈ ಬಿದ್ದಿದ್ದರೆ ನಮ್ಮ ಲೆಕ್ಕ ಶುರುವಾಗುವುದು ರಾತ್ರಿ ಮಲಗಿದ ಹೊತ್ತಿನಿಂದ! ಹಾಗಂತ ತಡವಾಯಿತು ಎಂದು ಮನೆಯಲ್ಲೇ ಕೂರಬೇಡಿ. ದೊಡ್ಡ ನಾಳ ಕಟ್ಟಿದ್ದರೆ ಕೆಲವರಿಗೆ 24 ಗಂಟೆಯವರೆಗೂ ರಕ್ತನಾಳದೊಳಗೆ ತಂತಿ ಹಾಕಿ ಹೆಪ್ಪು ತೆಗೆಯಬಹುದು.

ಲಕ್ವಾದ ಗುರುತು ಇವು: ಬಾಯಿ ಸೊಟ್ಟಗಾಗುವುದು, ಒಂದು ಕಡೆ ಕೈಕಾಲು ಸೋಲುವುದು, ಮಾತು ತೊದಲುವುದು, ಇದ್ದಕ್ಕಿದ್ದಂತೆ ಕಣ್ಣು ಮಂಜಾಗುವುದು, ನಡೆಯುವಾಗ ತೋಲ (ಸಮತೋಲನ) ತಪ್ಪುವುದು. ಹತ್ತು ನಿಮಿಷದಲ್ಲಿ ಸರಿಹೋದರೂ ಅವತ್ತೇ ಬನ್ನಿ. ಮುಂದಿನ ಒಂದೆರಡು ದಿನದಲ್ಲೇ ದೊಡ್ಡದು ಹೊಡೆಯುವ ಭಯ ಜಾಸ್ತಿ. ಪಾರಿವಾಳದ ರಕ್ತ ಹಚ್ಚುತ್ತಾ ಹೊತ್ತು ಕಳೆಯಬೇಡಿ, ಕೈ ಮುಗಿದು ಕೇಳುತ್ತೇನೆ. ಬಾಯಿಗೆ ನೀರೂ ಬೇಡ, ಶ್ವಾಸನಾಳಕ್ಕೆ ಇಳಿಯಬಹುದು. ಆಸ್ಪಿರಿನ್ ಬೇಡವೇ ಬೇಡ. ಕೆಲವರಿಗೆ ಲಕ್ವಾ ಆಗುವುದು ಮಿದುಳಿನಲ್ಲಿ ರಕ್ತಸ್ರಾವವಾಗಿ, ಅವರಿಗೆ ಆಸ್ಪಿರಿನ್ ಅಪಾಯ. ಹೆಪ್ಪೋ ರಕ್ತಸ್ರಾವವೋ ಸಿ.ಟಿ. ಇಲ್ಲದೆ ನಮಗೂ ಗೊತ್ತಾಗುವುದಿಲ್ಲ.

ಸಂಘಟಕರು ಚೀಟಿ ಕಳಿಸಿದ್ದಾರೆ, ಬೇಗ ಮುಗಿಸುತ್ತೇನೆ. ಕಾರಣಗಳಲ್ಲಿ ಮೊದಲನೆಯದು ಬಿ.ಪಿ. ಆಮೇಲೆ ಶುಗರ್, ಬೀಡಿ, ಗುಟ್ಕಾ, ತಾಳ ತಪ್ಪಿದ ಹೃದಯ ಬಡಿತ. ಚಿಕ್ಕ ವಯಸ್ಸಿನವರಲ್ಲಿ ಹೃದಯದ ವಾಲ್ವ್ ತೊಂದರೆ. ಬಾಣಂತಿಯರಿಗೆ ನೀರು ಕೊಡದೆ ಇರಬೇಡಿ. ಅವರಲ್ಲಿ ಮಿದುಳಿನ ಅಶುದ್ಧ ರಕ್ತದ ನಾಳ ಹೆಪ್ಪುಗಟ್ಟಬಹುದು. ತಡೆಯಲಾರದ ತಲೆನೋವು, ಫಿಟ್ಸ್ ಬಂದರೆ ತಕ್ಷಣ 108ಕ್ಕೆ ಫೋನ್ ಮಾಡಿ. ಸಿ.ಟಿ. ಇರುವ ಆಸ್ಪತ್ರೆಗೇ ಒಯ್ಯಿರಿ ಅಂತ ಕೇಳಿ.

ಬಿ.ಪಿ. ಮಾತ್ರೆ ನಡುವೆ ಬಿಟ್ಟವರು ಈ ಹಾಲ್‌ನಲ್ಲೂ ಇದ್ದೀರಿ, ಅಲ್ವಾ? ಬಾಗಿಲ ಹತ್ತಿರ ನಮ್ಮ ಸಿಸ್ಟರ್‌ಗಳು ಮಿಷಿನ್ ಇಟ್ಟುಕೊಂಡು ಕೂತಿದ್ದಾರೆ. ತೋರಿಸಿಕೊಂಡೇ ಊಟಕ್ಕೆ ಹೋಗಿ.