ರ್ಯಾಮ್ ಡಿಸ್ಕ್ ಕೊಳ್ಳುವ ಮುನ್ನ

ಕೇಳುಗರಿಗೆ ನಮಸ್ಕಾರ.

ಕಂಪ್ಯೂಟರಿನ ವೇಗ ಹೆಚ್ಚಿಸಬೇಕು ಅಂತ ಹೊರಟವರು ಒಂದಲ್ಲ ಒಂದು ದಿನ ಹಾರ್ಡ್‌ವೇರ್ ರ್ಯಾಮ್ ಡಿಸ್ಕ್ ಅನ್ನೋ ಹೆಸರನ್ನು ಕೇಳಿಯೇ ಕೇಳುತ್ತಾರೆ. ರ್ಯಾಮ್ ಅಂದರೆ ಕಂಪ್ಯೂಟರ್ ಕೆಲಸ ಮಾಡುವಾಗ ಡೇಟಾ ಇಟ್ಟುಕೊಳ್ಳುವ ವೇಗದ ಮೆಮೊರಿ. ಅದರ ಸ್ಟಿಕ್‌ಗಳನ್ನು ಒಂದು ಕಾರ್ಡಿನಲ್ಲಿ ಕೂರಿಸಿ, ಅದನ್ನೇ ಒಂದು ಡಿಸ್ಕ್ ಅಂತ ಕಂಪ್ಯೂಟರಿಗೆ ತೋರಿಸುವ ಸಾಧನ ಇದು. ಕರೆಂಟು ಹೋದರೆ ಡೇಟಾ ಅಳಿಸಿ ಹೋಗಬಾರದಲ್ವಾ, ಅದಕ್ಕೆ ಜೊತೆಗೊಂದು ಬ್ಯಾಟರಿ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಮನೆಯ ಕಂಪ್ಯೂಟರಿಗೆ ಇದನ್ನು ಕೊಳ್ಳಬೇಡಿ. ಇದು ನಿಜಕ್ಕೂ ಬೇಕಾಗುವ ಕೆಲಸ ಒಂದಿದೆ, ಅದಕ್ಕೆ ಆಮೇಲೆ ಬರೋಣ.

ಈ ಆಸೆ ಹುಟ್ಟಿದ್ದಕ್ಕೆ ಒಳ್ಳೆಯ ಕಾರಣವೇ ಇತ್ತು. ಹಳೆಯ ಹಾರ್ಡ್ ಡಿಸ್ಕಿನ ತಟ್ಟೆ ನಿಮಿಷಕ್ಕೆ 7,200 ಸುತ್ತು ತಿರುಗುತ್ತದೆ, ಅಂದರೆ ಒಂದು ಸುತ್ತಿಗೆ 8.3 ಮಿಲಿಸೆಕೆಂಡ್. ಬೇಕಾದ ಡೇಟಾ ಓದುವ ಮುಳ್ಳಿನ ಕೆಳಗೆ ಬರುವ ತನಕ ಸುಮ್ನೆ ಕಾಯಬೇಕು, ಮುಳ್ಳು ಸರಿಯುವ ಹೊತ್ತು ಬೇರೆ. ರ್ಯಾಮ್‌ನಲ್ಲಿ ತಿರುಗುವುದೂ ಇಲ್ಲ, ಸರಿಯುವುದೂ ಇಲ್ಲ.

2005ರಲ್ಲಿ ತೈಪೆಯ ಕಂಪ್ಯೂಟೆಕ್ಸ್ ಮೇಳದಲ್ಲಿ ಗಿಗಾಬೈಟ್ ಕಂಪನಿ ಐ-ರ್ಯಾಮ್ ಅನ್ನೋ ಕಾರ್ಡನ್ನು ತೋರಿಸಿತು. ಡಿಡಿಆರ್ ಅನ್ನೋ ಬಗೆಯ ನಾಲ್ಕು ರ್ಯಾಮ್ ಸ್ಟಿಕ್‌ಗಳಿಗೆ ಜಾಗ, ಒಟ್ಟು 4 ಜಿಬಿ. ಮದರ್‌ಬೋರ್ಡಿನಲ್ಲಿ ಕಾರ್ಡ್ ಕೂರಿಸುವ ಪಿಸಿಐ ಸ್ಲಾಟಿನಿಂದ ಅದು ಪಡೆಯುತ್ತಿದ್ದದ್ದು ಕರೆಂಟು ಮಾತ್ರ, ಡೇಟಾ ಹೋಗಿ ಬರುತ್ತಿದ್ದದ್ದು ಡಿಸ್ಕ್ ಜೋಡಿಸುವ ಸಾಟಾ ಕೇಬಲ್ಲಿನಲ್ಲಿ. ಪ್ಲಗ್ ಕಿತ್ತರೂ ಬ್ಯಾಟರಿ ಹೆಚ್ಚುಕಡಿಮೆ 16 ಗಂಟೆ ಡೇಟಾ ಕಾಪಾಡುತ್ತಿತ್ತು. ಆದರೆ ಅದರ ದೌರ್ಬಲ್ಯವೂ ಆ ಕೇಬಲ್ಲಿನಲ್ಲೇ ಇತ್ತು. ಆ ಕಾಲದ ಡಿಡಿಆರ್ 400 ಸ್ಟಿಕ್ ಒಂದೇ ಸೆಕೆಂಡಿಗೆ 3,200 ಎಂಬಿ ಕೊಡಬಲ್ಲದು, ಆ ಸಾಟಾ ಕೇಬಲ್ಲಿನಲ್ಲಿ ದಾಟುತ್ತಿದ್ದದ್ದು ಹೆಚ್ಚೆಂದರೆ 150 ಎಂಬಿ. ದೊಡ್ಡ ತೊಟ್ಟಿ ಕಟ್ಟಿಸಿ ಸಣ್ಣ ನಲ್ಲಿ ಹಾಕಿಸಿದ ಹಾಗೆ. ಆಮೇಲೆ ಬಂದ ಎಕಾರ್ಡ್ ಕಂಪನಿಯ ಎಎನ್‌ಎಸ್-9010 ಎಂಟು ಡಿಡಿಆರ್2 ಸ್ಟಿಕ್ ಹಿಡಿಯುತ್ತಿತ್ತು, ಎರಡು ಸಾಟಾ ಬಾಯಿ ಇದ್ದವು, ಡೇಟಾವನ್ನು ಕರೆಂಟು ಇಲ್ಲದೆಯೂ ಉಳಿಸಿಕೊಳ್ಳುವ ಕಾಂಪ್ಯಾಕ್ಟ್ ಫ್ಲಾಷ್ ಕಾರ್ಡಿಗೆ ಇಳಿಸಿಕೊಳ್ಳುವ ಏರ್ಪಾಡೂ ಇತ್ತು. ಒಳ್ಳೆಯ ಯೋಚನೆಯೇ, ಆದರೂ ಸಾಟಾ ದಾರಿಯ ಮಿತಿ ತಪ್ಪಲಿಲ್ಲ.

ಈಗ ಮದರ್‌ಬೋರ್ಡಿಗೆ ನೇರ ಕೂರುವ ಪಿಸಿಐಇ 4.0 ಎನ್‌ವಿಎಂಇ ಎಸ್‌ಎಸ್‌ಡಿ, ಅಂದರೆ ತಿರುಗುವ ಭಾಗವಿಲ್ಲದ ಫ್ಲಾಷ್ ಡಿಸ್ಕ್, ಸೆಕೆಂಡಿಗೆ 7,000 ಎಂಬಿ ಹತ್ತಿರ ಓದುತ್ತದೆ. ಹಳೆಯ ರ್ಯಾಮ್ ಡಿಸ್ಕ್ ಇದರ ಮುಂದೆ ನಿಲ್ಲುವುದಿಲ್ಲ. ಸೆಕೆಂಡ್ ಹ್ಯಾಂಡ್ ಕಾರ್ಡ್ ಅಗ್ಗಕ್ಕೆ ಸಿಕ್ಕರೂ ಇಷ್ಟು ವರ್ಷ ಹಳೆಯ ಬ್ಯಾಟರಿಯನ್ನು ನಂಬುವ ಹಾಗಿಲ್ಲ, ಕರೆಂಟು ಆಗಾಗ ಹೋಗುವ ಊರಿನಲ್ಲಂತೂ ಇದು ದೊಡ್ಡ ಅಪಾಯ.

ಇನ್ನೊಂದು ಮಾತು. ನಿಮ್ಮ ಕಂಪ್ಯೂಟರಿನೊಳಗೆ ಈಗಾಗಲೇ ಒಂಥರಾ ರ್ಯಾಮ್ ಡಿಸ್ಕ್ ಇದೆ. ವಿಂಡೋಸ್ ಆಗಲಿ ಲಿನಕ್ಸ್ ಆಗಲಿ, ಒಮ್ಮೆ ಓದಿದ ಫೈಲನ್ನು ಖಾಲಿ ಇರುವ ರ್ಯಾಮ್‌ನಲ್ಲಿ ಇಟ್ಟುಕೊಂಡೇ ಇರುತ್ತದೆ, ಮತ್ತೆ ಕೇಳಿದರೆ ಡಿಸ್ಕಿನ ತನಕ ಹೋಗುವುದೇ ಇಲ್ಲ. ಹಾಗಾಗಿ ರ್ಯಾಮ್ ಜಾಸ್ತಿ ಹಾಕಿಸಿದರೆ ಬೇರೇನೂ ಮಾಡದೆಯೇ ಲಾಭ ಸಿಗುತ್ತದೆ. ವಿಡಿಯೋ ಎಡಿಟಿಂಗ್‌ನ ತಾತ್ಕಾಲಿಕ ಫೈಲ್‌ಗಳಿಗೋ, ಪ್ರೋಗ್ರಾಂ ಕಂಪೈಲ್ ಮಾಡುವುದಕ್ಕೋ ರ್ಯಾಮ್ ಡಿಸ್ಕ್ ಬೇಕೇ ಬೇಕು ಅಂತಿದ್ದರೆ ಲಿನಕ್ಸ್‌ನಲ್ಲಿ ರ್ಯಾಮ್‌ನ ಒಂದು ಭಾಗವನ್ನೇ ಡಿಸ್ಕಿನಂತೆ ಬಳಸುವ ಟಿಎಂಪಿಎಫ್‌ಎಸ್ ಇದೆ. ದುಡ್ಡು ಕೊಡಬೇಕಿಲ್ಲ. ನೀವು ಮಿತಿ ಹೇಳದಿದ್ದರೆ ಅದು ಒಟ್ಟು ರ್ಯಾಮ್‌ನ ಅರ್ಧದ ತನಕ ಬೆಳೆಯಬಹುದು ಅನ್ನೋದು ನೆನಪಿರಲಿ. ಕಂಪ್ಯೂಟರ್ ಆಫ್ ಆದರೆ ಅದರಲ್ಲಿದ್ದದ್ದೆಲ್ಲ ಹೋಯಿತು, ಆದ್ದರಿಂದ ಮತ್ತೆ ಮಾಡಿಕೊಳ್ಳಬಹುದಾದ ಫೈಲ್ ಮಾತ್ರ ಅಲ್ಲಿಡಿ.

ಹಾಗಾದರೆ ಹಾರ್ಡ್‌ವೇರ್ ರ್ಯಾಮ್ ಡಿಸ್ಕ್ ಯಾರಿಗೆ ಬೇಕು? ಡೇಟಾಬೇಸ್ ನಡೆಸುವವರಿಗೆ, ಝಡ್‌ಎಫ್‌ಎಸ್ ಅನ್ನೋ ಫೈಲ್ ವ್ಯವಸ್ಥೆಯ ಸರ್ವರ್ ಇಟ್ಟವರಿಗೆ. ಒಬ್ಬರು ಬ್ಯಾಂಕಿನಲ್ಲಿ ಹಣ ಕಳಿಸಿದರು ಅಂತಿಟ್ಟುಕೊಳ್ಳಿ, ಆ ದಾಖಲೆ ಕರೆಂಟು ಹೋದರೂ ಅಳಿಯದ ಜಾಗಕ್ಕೆ ಸೇರಿತು ಅಂತ ಖಾತ್ರಿ ಆಗುವ ತನಕ ಡೇಟಾಬೇಸ್ ಮುಂದಿನ ಹೆಜ್ಜೆ ಇಡುವುದಿಲ್ಲ. ಇಲ್ಲಿ ಸೆಕೆಂಡಿಗೆ ಎಷ್ಟು ಎಂಬಿ ಅನ್ನೋದಕ್ಕಿಂತ ಒಂದೊಂದು ಸಣ್ಣ ಬರಹಕ್ಕೆ ಎಷ್ಟು ಬೇಗ ಉತ್ತರ ಬರುತ್ತದೆ ಅನ್ನೋದೇ ಮುಖ್ಯ. 2009ರ ಡಿಡಿಆರ್‌ಡ್ರೈವ್ ಎಕ್ಸ್1 ಕಾರ್ಡಿನಲ್ಲಿ 4 ಜಿಬಿ ರ್ಯಾಮ್, ಅಷ್ಟೇ ಫ್ಲಾಷ್ ಇತ್ತು. ಝಡ್‌ಎಫ್‌ಎಸ್‌ನವರು ಅದನ್ನು ಇಷ್ಟಪಟ್ಟದ್ದು ಇದೇ ಕೆಲಸಕ್ಕೆ.

ಇವತ್ತು ಸರ್ವರ್‌ಗಳಿಗೆ ಮಾಡುವ ಎಸ್‌ಎಸ್‌ಡಿಗಳೊಳಗೆ ಅದೇ ಉಪಾಯ ಸೇರಿಕೊಂಡಿದೆ. ಬಂದ ಡೇಟಾವನ್ನು ಒಳಗಿನ ರ್ಯಾಮ್‌ನಲ್ಲಿ ಹಿಡಿದು ತಕ್ಷಣ ಉತ್ತರ ಕೊಡುತ್ತವೆ. ಕರೆಂಟು ಹೋದರೆ ವಿದ್ಯುತ್ ಹಿಡಿದಿಡುವ ಕೆಪಾಸಿಟರ್‌ನಲ್ಲಿ ಉಳಿದ ಶಕ್ತಿಯಿಂದ ಅದನ್ನು ಫ್ಲಾಷಿಗೆ ಇಳಿಸುತ್ತವೆ. ಆದ್ದರಿಂದ ಇಂಥ ಕೆಲಸಕ್ಕೆ ಕೊಳ್ಳುವಾಗ ಡಬ್ಬಿಯ ಮೇಲಿನ ವೇಗದ ಅಂಕಿಗೆ ಮರುಳಾಗಬೇಡಿ. ಪವರ್ ಲಾಸ್ ಪ್ರೊಟೆಕ್ಷನ್, ಅಂದರೆ ಕರೆಂಟು ಹೋದಾಗ ಕಾಪಾಡುವ ಈ ಏರ್ಪಾಡು, ಇದೆಯಾ ಅಂತ ಕೇಳಿ, ಅಂಗಡಿಯವರು ಇದೆ ಅಂದರೂ ತಯಾರಕರ ಮಾಹಿತಿ ಪತ್ರದಲ್ಲಿ ಆ ಸಾಲನ್ನು ನೀವೇ ಕಣ್ಣಾರೆ ನೋಡಿ. ಬೇಡದ ಡೇಟಾ ಬರೆಯುತ್ತಿರುವಾಗಲೇ ಪ್ಲಗ್ ಕಿತ್ತು, ಮತ್ತೆ ಆನ್ ಮಾಡಿ, ಬರೆದಾಯಿತು ಅಂತ ಅದು ಹೇಳಿದ್ದೆಲ್ಲ ಉಳಿದಿದೆಯಾ ಅಂತ ಪರೀಕ್ಷಿಸಿ. ಅಸಲಿ ಡೇಟಾ ಅದಾದ ಮೇಲೆ ಹಾಕಿ. ನಮಸ್ಕಾರ.