ಚೆಕ್ಕುಬಂದಿ ಹಿಡಿದು ಹಿಂದಕ್ಕೆ: ಹಳೆ ವಠಾರದ ಒಡೆಯರನ್ನು ಹುಡುಕುವುದು

ಎಲ್ಲರಿಗೂ ನಮಸ್ಕಾರ.

ತುಮಕೂರಿನ ಚಿಕ್ಕಪೇಟೆಯಲ್ಲೋ ಮಂಡಿಪೇಟೆಯಲ್ಲೋ ಒಂದು ಹಳೆ ವಠಾರದ ಚರಿತ್ರೆ ಹುಡುಕಲು ಹೊರಟವರು ಮೊದಲು ಬರೆದುಕೊಳ್ಳುವುದು ಬಾಗಿಲ ನಂಬರು. ಎಡವುವುದೂ ಅಲ್ಲೇ. ಕಂದಾಯ ಪರಿಷ್ಕರಣೆಯಲ್ಲಿ ನಂಬರು ಬದಲಾಗುತ್ತದೆ. ಹಳೆ ಕ್ರಯಪತ್ರದ ನಂಬರು ಈಗ ಬೀದಿಯ ಆ ತುದಿಯ ಅಂಗಡಿಗೆ ಇರಬಹುದು. ನಂಬಬೇಕಾದದ್ದು ಚೆಕ್ಕುಬಂದಿಯನ್ನು, ಅಂದರೆ ಪತ್ರದಲ್ಲಿ ಬರೆದ ನಾಲ್ಕು ದಿಕ್ಕಿನ ಎಲ್ಲೆಯನ್ನು. ಪೂರ್ವಕ್ಕೆ ಬೀದಿ, ಪಶ್ಚಿಮಕ್ಕೆ ಸೇದುವ ಬಾವಿ, ಉತ್ತರಕ್ಕೆ ಇಂಥವರ ಮನೆ, ದಕ್ಷಿಣಕ್ಕೆ ಓಣಿ. ನಮ್ಮ ವಠಾರದ ಪತ್ರವೇ ಕಳೆದಿದ್ದರೆ ಪಕ್ಕದ ಮನೆಯ ಪತ್ರ ತೆಗೆಯಿರಿ. ಅದರ ಚೆಕ್ಕುಬಂದಿಯಲ್ಲಿ ಅಂದಿನ ನಮ್ಮ ಒಡೆಯನ ಹೆಸರು ಕೂತಿರುತ್ತದೆ.

ಹೆಸರು ಸಿಕ್ಕಿತೇ, ಉಪನೋಂದಣಿ ಕಚೇರಿಗೆ ನಡೆಯಿರಿ. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಇ.ಸಿ. (ಆಸ್ತಿಯ ನೋಂದಾಯಿತ ವಹಿವಾಟು ತೋರಿಸುವ ಋಣಭಾರ ಪ್ರಮಾಣಪತ್ರ) ಸಿಗುವುದು 2004ರ ಏಪ್ರಿಲ್‌ನಿಂದ ಈಚೆಗೆ; ಅದಕ್ಕೂ ಹಿಂದಿನದಕ್ಕೆ ಕಚೇರಿಯ ಪುಸ್ತಕಗಳೇ ಗತಿ. ಸ್ಥಿರಾಸ್ತಿಯ ಒಂದನೇ ಪುಸ್ತಕವನ್ನೂ ಅದರ ಸೂಚಿಗಳನ್ನೂ ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು, 1908ರ ನೋಂದಣಿ ಕಾಯ್ದೆಯೇ ಹಾಗೆ ಹೇಳುತ್ತದೆ. ವೆಂಕಟಪ್ಪ ಎಂದು ಹುಡುಕಿ ಸಿಗದವರು ಯಂಕಟಪ್ಪ ಎಂಬಲ್ಲಿ ಸಿಗುತ್ತಾರೆ, ತಂದೆಯ ಹೆಸರನ್ನೂ ಜೊತೆಗಿಟ್ಟುಕೊಳ್ಳಿ. ಇ.ಸಿ.ಯನ್ನು ವಹಿವಾಟು ಇದ್ದರೆ ನಮೂನೆ 15ರಲ್ಲಿ, ಏನೂ ಇಲ್ಲದಿದ್ದರೆ ನಮೂನೆ 16ರಲ್ಲಿ ಕೊಡುತ್ತಾರೆ. ನಮೂನೆ 16 ಬಂದ ಮಾತ್ರಕ್ಕೆ ಆಸ್ತಿ ಕೈಬದಲಾಗಿಲ್ಲ ಎಂದು ತಿಳಿಯಬೇಡಿ. ಉಯಿಲಿಗೆ ನೋಂದಣಿ ಕಡ್ಡಾಯವಲ್ಲ. ಅಪ್ಪನಿಂದ ಮಕ್ಕಳಿಗೆ ವಾರಸಿನಿಂದ ಇಳಿದದ್ದಕ್ಕೆ ಅಲ್ಲಿ ಸಾಲೇ ಇರುವುದಿಲ್ಲ.

ತುಂಬಾ ಜನ ಮೋಸಹೋಗುವುದು ಭೋಗ್ಯದಲ್ಲಿ. ಮಾಲೀಕ ಸಾಲಕ್ಕೆ ವಠಾರವನ್ನೇ ಸ್ವಾಧೀನ ಕೊಡುತ್ತಾನೆ. ಸಾಲ ತೀರುವ ತನಕ ಬಾಡಿಗೆ ಎತ್ತುವುದು ಸಾಲ ಕೊಟ್ಟವನು. ಇಪ್ಪತ್ತು ವರ್ಷ ಅವನ ಕೈಗೇ ಬಾಡಿಗೆ ಇಟ್ಟ ಬಾಡಿಗೆದಾರರ ಬಾಯಲ್ಲಿ ಅವನೇ ಯಜಮಾನ. ಆದ್ದರಿಂದ ಪತ್ರದ ತಲೆಬರಹ ಓದದೆ ಹೆಸರು ಬರೆದುಕೊಳ್ಳಬೇಡಿ. ಕ್ರಯವೋ, ಭೋಗ್ಯವೋ, ತನ್ನ ಪಾಲು ಬಿಟ್ಟುಕೊಟ್ಟ ಹಕ್ಕು ಖುಲಾಸೆಯೋ? ಖಾತೆಯೂ ಅಷ್ಟೇ, ಕಂದಾಯ ಯಾರು ಕಟ್ಟಬೇಕು ಎಂಬುದನ್ನು ಅದು ಹೇಳುತ್ತದೆ, ಹಕ್ಕನ್ನಲ್ಲ.

ಇನ್ನು ಕಟ್ಟಡದ ವಯಸ್ಸು. ಮಾಡಿನ ಹಂಚು ಮಗುಚಿ ನೋಡಿ ‘1865’ ಎಂದಿದೆ, ಮನೆಯೂ ಆಗಿನದೇ ಅನ್ನುವವರಿದ್ದಾರೆ. ಅದು ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ವರ್ಷ, ನಿಮ್ಮ ಹಂಚು ಸುಟ್ಟ ವರ್ಷವಲ್ಲ. ಮೊದಲ ಮಹಾಯುದ್ಧದ ನಂತರ ಕಾರ್ಖಾನೆ ಕಾಮನ್‌ವೆಲ್ತ್ ಟ್ರಸ್ಟ್ ಕೈಸೇರಿತು. ಆ ಹೆಸರಿದ್ದರೆ ಹಂಚು ಯುದ್ಧದ ಈಚಿನದು ಅಷ್ಟೆ. ಅದೂ ಇನ್ನೊಂದು ಮನೆ ಕೆಡವಿ ತಂದ ಹಂಚಾಗಿರಬಹುದು. ಅದಕ್ಕಿಂತ ಅಂಕಣ, ಅಂದರೆ ಎರಡು ಕಂಬ-ತೊಲೆಗಳ ನಡುವಿನ ಜಾಗ, ಎಣಿಸುವುದು ಲೇಸು. ಪತ್ರದಲ್ಲಿ ಎಂಟು ಅಂಕಣ ಎಂದಿದ್ದು ಸ್ಥಳದಲ್ಲಿ ಹನ್ನೆರಡಾದರೆ, ನಾಲ್ಕು ಆಮೇಲೆ ಸೇರಿಸಿದ್ದು. ಹಳೆ ಗಾರೆ ಗೋಡೆಗೂ ಹೊಸ ಸಿಮೆಂಟು ಗೋಡೆಗೂ ಬೆಸುಗೆ ಕೂರದೆ, ಸೇರುವ ಮೂಲೆಯಲ್ಲಿ ಮೇಲಿಂದ ಕೆಳಗೆ ಉದ್ದಕ್ಕೆ ಬಿರುಕು ಬಿಟ್ಟಿರುತ್ತದೆ. ಅದೇ ಗುರುತು.

ವಠಾರ ಅಣ್ಣತಮ್ಮಂದಿರಲ್ಲಿ ಹಂಚಿಹೋಗಿದ್ದರೆ ವಿಭಾಗಪತ್ರವನ್ನು ಕೊನೆಯ ಪುಟದ ತನಕ ಓದಿ. ಎಲ್ಲರೂ ಬಳಸುವ ಜಾಗ ಯಾರದೆಂದು ಹೇಳುವ 1972ರ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ ತಾನಾಗಿ ಅನ್ವಯಿಸದು, ಅದಕ್ಕೆ ಒಳಪಡುತ್ತೇವೆಂದು ಮಾಲೀಕರು ಘೋಷಣಾಪತ್ರ ನೋಂದಾಯಿಸಿರಬೇಕು. ಅದಿಲ್ಲದ ಕಡೆ ಬಾವಿ, ಮೆಟ್ಟಿಲು, ತಾರಸಿ ಯಾರ ಪಾಲು ಎಂಬುದಕ್ಕೆ ಆ ಕೊನೆಯ ಪುಟದ ಎರಡು ಸಾಲೇ ಆಧಾರ.