ಬೀಗ ಹಾಕಿದ್ರೆ ವಾಪಸ್ ಹೋಗೋದು ನೆಂಟ, ಕಳ್ಳ ಅಲ್ಲ

ನಮಸ್ಕಾರ. ಇವತ್ತು ಹುಣಸೆ ತೋಪುಗಳ ಬಗ್ಗೆ ಮಾತಾಡೋದು ಅಂತ ಇತ್ತು. ಸ್ಕ್ರಿಪ್ಟೂ ರೆಡಿ ಇತ್ತು. ಅದು ಮುಂದಿನ ವಾರ ಬರುತ್ತೆ, ಮಿಸ್ ಮಾಡ್ಕೋಬೇಡಿ. ಇವತ್ತು ಆಗಲ್ಲ. ಯಾಕಂದ್ರೆ ಹೋದ ಎಪಿಸೋಡಿನ ಕೆಳಗೆ ಒಂದು ಕಮೆಂಟ್ ಬಂದಿದೆ, ಎರಡು ದಿನದಿಂದ ಅದೇ ತಲೇಲಿ ಕೊರೀತಿದೆ. ಓದ್ತೀನಿ, ಕೇಳಿ.

"ವಿಕಿಪೀಡಿಯಾದಲ್ಲಿ ಯಾರು ಬೇಕಾದ್ರೂ ಬರೀತಾರೆ ಅಂದ್ಮೇಲೆ ಅದು ಸಂತೆ. ಕನ್ನಡ ವಿಕಿಪೀಡಿಯಾಗೆ ಬೀಗ ಹಾಕಿ. ಪಿಎಚ್‌ಡಿ ಆದವರಿಗೆ ಮಾತ್ರ ಕೀಲಿ ಕೊಡಿ."

ಇದಕ್ಕೆ ಬಿದ್ದಿರೋ ಲೈಕುಗಳನ್ನ ನೋಡಿದ್ರೆ ಹೊಟ್ಟೆ ಉರಿಯುತ್ತೆ. ಸ್ವಾಮಿ, ಬೀಗ ಹಾಕಿದ್ರೆ ವಾಪಸ್ ಹೋಗೋದು ನೆಂಟ. ಕಳ್ಳ ಅಲ್ಲ. ಕಳ್ಳನ ಹತ್ರ ಕೀಲಿ ಇರುತ್ತೆ.

ಹೇಗೆ ಅಂತ ಹೇಳ್ತೀನಿ. ಚೀನೀ ಭಾಷೆಯ ವಿಕಿಪೀಡಿಯಾದಲ್ಲಿ ಒಬ್ಬರು ಸುಮಾರು ಹತ್ತು ವರ್ಷ ಮಧ್ಯಯುಗದ ರಷ್ಯಾದ ಇತಿಹಾಸ ಬರೆದ್ರು. ಯುದ್ಧಗಳು, ರಾಜರು, ಒಂದು ಬೆಳ್ಳಿ ಗಣಿ, ಆ ಗಣಿಗಾಗಿ ನಡೆದ ದಂಗೆಗಳು. 200ಕ್ಕೂ ಹೆಚ್ಚು ಲೇಖನ. ಓದಿದವರು ಮೆಚ್ಚಿದ್ರು, ಸಮುದಾಯ ಗೌರವ ಕೊಟ್ಟಿತ್ತು. 2022ರಲ್ಲಿ ಒಬ್ಬ ಕಾದಂಬರಿಕಾರ ಅನುಮಾನ ಬಂದು ಕೆದಕಿದಾಗ ಗೊತ್ತಾಯ್ತು, ಬಹುಪಾಲು ಕಟ್ಟುಕಥೆ. ಆ ಗಣಿ ಇರಲೇ ಇಲ್ಲ! ಆ ಖಾತೆ ತನ್ನ ಪರಿಚಯದಲ್ಲಿ ಏನು ಹೇಳಿಕೊಂಡಿತ್ತು ಗೊತ್ತಾ? ಇತಿಹಾಸದಲ್ಲಿ ಪಿಎಚ್‌ಡಿ. ಆ ಪಿಎಚ್‌ಡಿನೂ ಸುಳ್ಳು. ನೀವು ಹೇಳೋ ಬೀಗ ಎಷ್ಟೇ ಗಟ್ಟಿ ಇದ್ರೂ ಆ ಖಾತೆ ಸಲೀಸಾಗಿ ಒಳಗೆ ಬರ್ತಿತ್ತು. ಕೂರೋಕೆ ಮಣೆ ಹಾಕಿ ಕಾಫಿ ಕೊಡ್ತಿದ್ರಿ.

ಇನ್ನು ಪಂಡಿತರಿಗೆ ಮಾತ್ರ ಅನ್ನೋದು. ಅದನ್ನ ಮಾಡಿ ನೋಡಿ ಆಗಿದೆ. 2000ದಲ್ಲಿ ನ್ಯೂಪೀಡಿಯಾ ಅಂತ ಒಂದು ಆನ್‌ಲೈನ್ ವಿಶ್ವಕೋಶ ಶುರುವಾಯ್ತು. ಜಿಮ್ಮಿ ವೇಲ್ಸ್, ಲ್ಯಾರಿ ಸ್ಯಾಂಗರ್, ಆಮೇಲೆ ವಿಕಿಪೀಡಿಯಾ ಶುರು ಮಾಡಿದ ಅದೇ ಜನ. ತಜ್ಞರೇ ಬರೀಬೇಕು, ಏಳು ಹಂತದ ಪರಿಶೀಲನೆ ದಾಟಬೇಕು. ಮೊದಲ ವರ್ಷದಲ್ಲಿ ಹೊರಗೆ ಬಂದದ್ದು 21 ಲೇಖನ. ಇಪ್ಪತ್ತೊಂದು! 2001ರ ಜನವರಿ 15ಕ್ಕೆ ಬಾಗಿಲು ತೆರೆದಿಟ್ಟು ವಿಕಿಪೀಡಿಯಾ ಶುರು ಮಾಡಿದ್ರು, ಮೊದಲ ವರ್ಷಕ್ಕೇ ಸುಮಾರು 18,000. ನ್ಯೂಪೀಡಿಯಾ 2003ರಲ್ಲಿ ಮುಚ್ಚಿಹೋಯ್ತು. ಅದೇ 2003ರಲ್ಲಿ ನಮ್ಮ ಕನ್ನಡ ವಿಕಿಪೀಡಿಯಾ ಹುಟ್ಟಿತು.

ಪಿಎಚ್‌ಡಿ ಅಂತೆ. ಕನ್ನಡದ ಮಕ್ಕಳಿಗೆ ಬಾಲಪ್ರಪಂಚ ಅನ್ನೋ ಮೂರು ಸಂಪುಟದ ವಿಶ್ವಕೋಶ ಬರೆದುಕೊಟ್ಟ ಶಿವರಾಮ ಕಾರಂತರು ಗಾಂಧೀಜಿ ಕರೆಗೆ ಕಾಲೇಜು ಬಿಟ್ಟು ಬಂದವರು. ಇವತ್ತು ಅವರು ಬಂದು "ಸ್ವಲ್ಪ ಬರೀತೀನಿ" ಅಂದ್ರೆ ಈ ಕಮೆಂಟಿನ ಮಹಾಶಯರು ಗೇಟಲ್ಲಿ ನಿಂತು ಮಾರ್ಕ್ಸ್ ಕಾರ್ಡ್ ಕೇಳ್ತಾರೆ.

ಒಂದು ನಿಮಿಷ. ಹೊಸದಾಗಿ ಕೇಳ್ತಿರೋರಿಗೆ: ಪ್ರತಿ ಗುರುವಾರ ಸಂಜೆ ಏಳಕ್ಕೆ ಹೊಸ ಎಪಿಸೋಡ್ ಬರುತ್ತೆ. ಫಾಲೋ ಮಾಡಿ. ಮನೇಲಿ ಅಪ್ಪ ಅಮ್ಮನ ಫೋನಲ್ಲೂ ಮಾಡಿಕೊಡಿ, ಅವರಿಗೇ ಇದು ಹೆಚ್ಚು ಇಷ್ಟ ಆಗೋದು.

ಈಗ ನನ್ನ ಮಾವನ ವಿಷಯ ಹೇಳಬೇಕು. ನಮ್ಮಮ್ಮನ ಅಣ್ಣ. ಊರ ಕೆರೆಗೆ ನೀರುಗಂಟಿ ಆಗಿದ್ದವರು. ಯಾವ ತೂಬು ಯಾವಾಗ ಎತ್ತಬೇಕು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಬಿಡಬೇಕು, ಎಲ್ಲಾ ಬಾಯಲ್ಲೇ ಲೆಕ್ಕ. ಹೋದ ವರ್ಷ ಹಬ್ಬಕ್ಕೆ ಹೋದಾಗ ಫೋನಲ್ಲಿ ಅವರಿಗೆ ಅವರ ಕೆರೆಯ ಪುಟ ತೋರಿಸಿದೆ. ನಾಲ್ಕೇ ಸಾಲಿನ ಚುಟುಕು ಲೇಖನ. ಕನ್ನಡಕ ಹಾಕಿಕೊಂಡು ನಿಧಾನಕ್ಕೆ ಓದಿದ್ರು. "ಕೋಡಿ ಮೂಡಲಕ್ಕೆ ಅಂತ ಬರೆದವ್ರಲ್ಲ, ಪಡುವಲಕ್ಕಲ್ವೇನೋ ಹರಿಯೋದು?" ಅಂದ್ರು. ನಾನು "ಸಂಪಾದಿಸಿ" ಒತ್ತಿದೆ, ಫೋನು ಅವರ ಕೈಗೆ ಕೊಟ್ಟೆ. ಒಂದೊಂದೇ ಅಕ್ಷರ ಹುಡುಕಿ ಒತ್ತಿ ಅವರೇ ತಿದ್ದಿದ್ರು. ಖಾತೆ ಇಲ್ಲ, ಪಾಸ್‌ವರ್ಡ್ ಇಲ್ಲ. ಎಪ್ಪತ್ತು ದಾಟಿದ ಮನುಷ್ಯ, ಸಂಜೆವರೆಗೂ ಬಂದೋರಿಗೆಲ್ಲ ತೋರಿಸ್ತಿದ್ರು. ಮೂರು ವಾರ ಆದ್ಮೇಲೆ ಯಾರೋ ಪುಣ್ಯಾತ್ಮರು ಹಳೇ ಗೆಜೆಟಿಯರಿನ ಪುಟ ಹುಡುಕಿ ಅದಕ್ಕೆ ಉಲ್ಲೇಖ ಸೇರಿಸಿದ್ರು. ನೋಡಿ, ಮಾವನಿಗೆ ಕೋಡಿ ಗೊತ್ತು, ಇವರಿಗೆ ಗೆಜೆಟಿಯರ್ ಗೊತ್ತು. ಇಬ್ಬರೂ ಸೇರಿದ್ರೇ ಪುಟ.

ಆವತ್ತು ಅಲ್ಲಿ ಬೀಗ ಇದ್ದಿದ್ರೆ? ಖಾತೆ ತೆರೀರಿ, ನಾಲ್ಕು ದಿನ ಕಾಯಿರಿ, ಬೇರೆ ಕಡೆ ಹತ್ತು ತಿದ್ದುಪಡಿ ಮಾಡಿ ಬನ್ನಿ ಅಂದಿದ್ರೆ? ಇಂಗ್ಲಿಷ್ ವಿಕಿಪೀಡಿಯಾದ ಅರೆ-ಸಂರಕ್ಷಿತ, ಅಂದ್ರೆ ಅರ್ಧ ಬೀಗ ಹಾಕಿರೋ ಪುಟಗಳ ನಿಯಮ ಅದೇ. ಇನ್ನೂ ಬಿಗಿಯಾದದ್ದು ಬೇಕಂದ್ರೆ 30 ದಿನ, 500 ತಿದ್ದುಪಡಿ. ಮಾವ "ಬಿಡಪ್ಪ ಅತ್ಲಾಗೆ" ಅಂತ ಫೋನ್ ವಾಪಸ್ ಕೊಟ್ಟು ಎದ್ದು ಹೋಗಿರೋರು. ಕೋಡಿ ಇವತ್ತಿಗೂ ಮೂಡಲಕ್ಕೇ ಹರೀತಿತ್ತು. ನೆಂಟ ವಾಪಸ್ ಹೋದ ಅಂದ್ರೆ ಇದೇ.

"ಹಾಗಾದ್ರೆ ಅರ್ಷದೀಪ್ ಸಿಂಗ್ ಪುಟ ಏನು?" ಅಂತ ಕೇಳ್ತೀರಿ, ಗೊತ್ತು. 2022ರ ಸೆಪ್ಟೆಂಬರ್ 4, ಏಷ್ಯಾ ಕಪ್, ಪಾಕಿಸ್ತಾನದ ಮೇಲೆ ಒಂದು ಕ್ಯಾಚ್ ಬಿಟ್ಟ ಹುಡುಗ. ಯಾರೋ ದುರುಳರು ಅವನ ಪುಟಕ್ಕೆ ಹೋಗಿ ಖಲಿಸ್ತಾನ ಅಂತ ಸೇರಿಸಿದ್ರು. ಹೊಲಸು ಕೆಲಸ, ಎರಡು ಮಾತಿಲ್ಲ. ಆದ್ರೆ ಆಮೇಲೆ ಏನಾಯ್ತು? ನಿಮಿಷಗಳಲ್ಲಿ ಬೇರೆ ಸಂಪಾದಕರು ಅದನ್ನ ಅಳಿಸಿದ್ರು. ಆ ಒಂದು ಪುಟಕ್ಕೆ ಬೀಗ ಬಿತ್ತು. ಸರಿಯಾಗೇ ಇದೆ! ಬೆಂಕಿ ಬಿದ್ದ ಮನೆ ಮುಂದೆ ಹಗ್ಗ ಕಟ್ಟೋದು ಬೇಡ ಅಂತ ಯಾರೂ ಹೇಳ್ತಿಲ್ಲ. ಒಂದು ಮನೆಗೆ ಬೆಂಕಿ ಬಿತ್ತು ಅಂತ ಊರಿಗೇ ಹಗ್ಗ ಕಟ್ತೀನಿ ಅನ್ನೋರನ್ನ ಏನಂತ ಕರೀಬೇಕು?

ಇನ್ನೊಬ್ಬರು ಬರೆದಿದ್ದಾರೆ, ಪೋರ್ಚುಗೀಸ್ ವಿಕಿಪೀಡಿಯಾ 2020ರಲ್ಲಿ ಖಾತೆ ಇಲ್ಲದವರಿಗೆ ಬಾಗಿಲು ಹಾಕಿತಲ್ಲ ಅಂತ. ಹಾಕಿತು. ಬ್ರೆಜಿಲ್‌ನಂಥ ದೇಶ ಬೆನ್ನ ಹಿಂದಿದೆ ಅವರಿಗೆ. ಅವರ ಮನೇಲಿ ಜನ ತುಂಬಿದ್ದಾರೆ, ನಮ್ಮನೇಲಿ ಹಜಾರ ಖಾಲಿ! ನಮ್ಮ ಅರಳಿಕಟ್ಟೆಗೆ ಹೋಗಿ ನೋಡಿ, ಕನ್ನಡ ವಿಕಿಪೀಡಿಯಾದ ಚರ್ಚೆಯ ಪುಟಕ್ಕೆ ಅಷ್ಟು ಚೆಂದದ ಹೆಸರು ಇಟ್ಟಿದ್ದಾರೆ. ಅಲ್ಲಿ ಅವವೇ ಹೆಸರು, ಅವರೇ ನಾಲ್ಕು ಜನ, ವರ್ಷಗಟ್ಟಲೆ ಒಬ್ಬರಿಗೊಬ್ಬರು ಉತ್ತರ ಕೊಟ್ಕೊಂಡು ಕೂತಿದ್ದಾರೆ. ನಮಗಿರೋ ಕಷ್ಟ ತಪ್ಪು ಬರೆಯೋರು ಜಾಸ್ತಿ ಆಗಿದ್ದಾರೆ ಅಂತಲ್ಲ, ಬರೆಯೋರೇ ಇಲ್ಲ ಅಂತ. ಇದನ್ನ ಇನ್ನೂ ಎಷ್ಟು ಸಲ ಹೇಳಲಿ?

ಬೀಗ ಹಾಕಿದ್ರೆ ಕೀಲಿ ಯಾರ ಸೊಂಟದಲ್ಲಿರುತ್ತೆ, ಅದನ್ನೂ ಯೋಚನೆ ಮಾಡಿ. ಕ್ರೊಯೇಷಿಯನ್ ವಿಕಿಪೀಡಿಯಾದಲ್ಲಿ ಪುಟಗಳಿಗೆ ಬೀಗ ಹಾಕೋ ಅಧಿಕಾರ ಇರೋ ಕೆಲವೇ ನಿರ್ವಾಹಕರು ಹತ್ತಿರ ಹತ್ತಿರ ಹತ್ತು ವರ್ಷ ಕೀಲಿ ಹಿಡ್ಕೊಂಡು ಕೂತ್ರು. ತೀವ್ರ ಬಲಪಂಥೀಯ ಗುಂಪು. ಎರಡನೇ ಮಹಾಯುದ್ಧದ ಕಾಲದ ಅವರ ದೇಶದ ಸರ್ಕಾರದ ಕ್ರೌರ್ಯವನ್ನ ತೆಳು ಮಾಡಿ ಬರೆದ್ರು, ಪ್ರಶ್ನೆ ಕೇಳಿದವರನ್ನ ಹೊರಗೆ ಹಾಕಿದ್ರು. 2013ರಲ್ಲಿ ಅಲ್ಲಿನ ಶಿಕ್ಷಣ ಸಚಿವರೇ ವಿದ್ಯಾರ್ಥಿಗಳಿಗೆ ಇದನ್ನ ಬಳಸಬೇಡಿ ಅಂದ್ರು. ಅದನ್ನ ಕೆಡಿಸಿದ್ದು ದಾರಿಹೋಕ ಅಲ್ಲ ಸ್ವಾಮಿ. ಕೀಲಿ ಇದ್ದವನು! ಬೀಗ ಇದ್ದಷ್ಟೂ ಅವನಿಗೇ ಅನುಕೂಲ!

ಆಯ್ತು, ಕೋಪ ಸ್ವಲ್ಪ ಇಳಿಸ್ಕೋತೀನಿ. ನೀರು ಕುಡೀತೀನಿ.

ಇಳೀತಿಲ್ಲ. ಯಾಕೆ ಹೇಳ್ತೀನಿ. ಆ ಕಮೆಂಟಿನ ಕೊನೇಲಿ ಇನ್ನೊಂದು ಸಾಲಿದೆ, ಆಗ ಓದಲಿಲ್ಲ. "ಹಳ್ಳಿಯವರಿಗೆಲ್ಲ ವಿಶ್ವಕೋಶ ಯಾಕೆ?" ಅಂತೆ. ಯಾಕೆ ಅಂದ್ರೆ? ಆ ಕೆರೆ ಅವರದು ಸ್ವಾಮಿ! ಆ ಜಾತ್ರೆ ಅವರದು, ಆ ಸೊಪ್ಪಿನ ಹೆಸರು ಅವರದು, ಆ ಮಾತು ಅವರದು. ಅವರ ಕೆರೆ ಬಗ್ಗೆ ಬರೆಯೋಕೆ ಅವರು ನಿಮ್ಮ ಹತ್ರ ಅಪ್ಪಣೆ ಚೀಟಿ ತಗೋಬೇಕಾ? ಬೀಗ ಬೇಡ. ಬೇಡ ಅಂದ್ರೆ ಬೇಡ. ನೂರು ಸಲ ಕೇಳಿ, ನೂರು ಸಲ ಇದನ್ನೇ ಹೇಳ್ತೀನಿ.

ಕೇಳ್ತಿರೋ ನೀವೆಲ್ಲ ಇವತ್ತು ರಾತ್ರಿ ಒಂದು ಕೆಲಸ ಮಾಡಿ. ನಿಮ್ಮೂರಿನ ಪುಟ ತೆಗೀರಿ, ಒಂದು ತಪ್ಪು ಹುಡುಕಿ, ತಿದ್ದಿ, ಉಲ್ಲೇಖ ಇದ್ರೆ ಹಾಕಿ. ಪುಟವೇ ಇಲ್ಲ ಅಂದ್ರೆ ಊರ ಹೆಸರು ಕಮೆಂಟಲ್ಲಿ ಬರೀರಿ, ಭಾನುವಾರದ ಲೈವಲ್ಲಿ ಎಲ್ಲರೂ ಸೇರಿ ಶುರು ಮಾಡೋಣ. ಮಾವನೂ ಬರ್ತೀನಿ ಅಂದಿದ್ದಾರೆ. ಪಕ್ಕದೂರ ಕೆರೆ ಪುಟದಲ್ಲೂ ಏನೋ ತಪ್ಪಿದೆಯಂತೆ.